ಚಿತ್ರೋತ್ಸವಕ್ಕೆ ಹೊರಟ ಮಾನ್ವಿ ಬ್ಯಾಂಡು

ಉತ್ಸವದಿಂದ ಫೋನು ಬಂದಾಗ ನಾನು ರಾಯಚೂರಿನ ಒಂದು ಕಲ್ಯಾಣ ಮಂಟಪದಲ್ಲಿ ಮದುಮಗಳ ಮೆಹಂದಿ ಕೈಗೆ ಫೋಕಸ್ ಕೂಡಿಸುತ್ತಿದ್ದೆ. ಜೇಬಿನಲ್ಲಿ ಫೋನು ನಡುಗಿ ನಡುಗಿ ಸುಮ್ಮನಾಯಿತು. ಶಾಟ್ ಮುಗಿಸಿಕೊಂಡು, ಅಡುಗೆಯವರು ಪಾತ್ರೆ ತೊಳೆಯುವ ಹಿತ್ತಿಲ ಕಡೆ ಹೋಗಿ ಆ ನಂಬರಿಗೆ ತಿರುಗಿ ಹಚ್ಚಿದೆ. ಆ ಕಡೆ ಒಬ್ಬ ಹೆಣ್ಣುಮಗಳು. ಹೊರರಾಜ್ಯದ ಸಾಕ್ಷ್ಯಚಿತ್ರ ಉತ್ಸವವೊಂದರ ಸಂಯೋಜಕಿ ತಾನು ಎಂದು ಹಿಂದಿಯಲ್ಲಿ ಹೇಳಿ, "ನಿಮ್ಮ ಚಿತ್ರ ಆಯ್ಕೆಯಾಗಿದೆ. ನೀವು ಬಂದು ಪ್ರೇಕ್ಷಕರ ಜೊತೆ ಕೂತು ನೋಡಬೇಕು" ಎಂದರು. ನಾನು "ಹೌದಾ" ಎಂದೆ. ಮತ್ತೆ "ಹೌದಾ" ಎಂದೆ. ಅಷ್ಟರಲ್ಲಿ ಮದುಮಗಳ ಸೋದರತ್ತೆ ಬಾಗಿಲಿಗೆ ಬಂದು, "ಮೇಡಂ, ಅಕ್ಕಿಕಾಳಿಗೆ ಟೈಮ್ ಆತು, ಎಲ್ಲಿ ಹೋಗೀರಿ?" ಎಂದು ಕೂಗಿದ್ದರಿಂದ ಮಾತು ಅಲ್ಲಿಗೇ ನಿಂತಿತು. ಆವತ್ತಿನ ವಿಡಿಯೊದಲ್ಲಿ ಅಕ್ಷತೆ ಬೀಳುವ ಶಾಟ್ ಸ್ವಲ್ಪ ಅಲುಗಿದೆ. ಆ ಮನೆಯವರು ಏನೂ ಅನ್ನಲಿಲ್ಲ. ಯಾಕೆ ಅಲುಗಿತು ಅನ್ನುವುದು ನನಗಷ್ಟೇ ಗೊತ್ತು.

ಆಯ್ಕೆಯಾದದ್ದು ಮಾನ್ವಿಯ ಒಂದು ಬ್ಯಾಂಡ್ ಕಂಪನಿಯ ಮೇಲೆ ನಾನು ಮಾಡಿದ ಅರ್ಧ ಗಂಟೆಯ ಚಿತ್ರ. ಲಗ್ನದ ಮೆರವಣಿಗೆಯಲ್ಲಿ ಬ್ಯಾಂಡಿನವರು ಮುಂದೆ ನಡೆದರೆ, ವಿಡಿಯೊ ತೆಗೆಯುವವಳು ಅವರಿಗೂ ಮುಂದೆ, ಹಿಮ್ಮುಖವಾಗಿ ನಡೆಯಬೇಕು. ಮದುಮಗನ ಮುಖ ಫ್ರೇಮಿನ ನಡುವೆ, ಊದುವವರ ಉಬ್ಬಿದ ಕೆನ್ನೆ ಅಂಚಿಗೆ. ಆ ಕೆನ್ನೆಗಳನ್ನೇ ನಡುವೆ ತಂದರೆ ಹೇಗಿರುತ್ತದೆ ಅನ್ನುವ ಆಸೆಯಿಂದ ಶುರುವಾದ ಕೆಲಸ ಅದು. ಲಗ್ನದ ಸೀಜನ್ನಿನಲ್ಲಿ ಬಿಡುವು ಸಿಕ್ಕಾಗೆಲ್ಲ ಮಾಸ್ಟರರ ಹಿಂದೆ ತಿರುಗಿದೆ. ಮಾಸ್ಟರ್ ಎಂದರೆ ಆ ಕಂಪನಿಯ ಯಜಮಾನರು, ಕ್ಲಾರಿನೆಟ್ ಊದುವವರು. ಮಾನ್ವಿ ಬಜಾರದ ಹಿಂದಿನ ಓಣಿಯಲ್ಲಿ ಅವರ ಮನೆ. ಮನೆಯೊಳಗೆ ದಖ್ಖನಿ ಮಾತು, ಹೊಸ್ತಿಲು ದಾಟಿದರೆ ಕನ್ನಡ. ಚಿತ್ರವನ್ನು ಕತ್ತರಿಸಿ ಜೋಡಿಸಿದವನು ರಾಯಚೂರಿನಲ್ಲಿ ನನ್ನ ಜೊತೆ ಸ್ಟುಡಿಯೊ ನಡೆಸುವ ಸಂಕಲನಕಾರ. ಅಲ್ಲಿಯವರೆಗೆ ನಮ್ಮಲ್ಲಿ ಯಾರೂ ಚಿತ್ರೋತ್ಸವದ ಬಾಗಿಲನ್ನು ಕೂಡ ನೋಡಿದವರಲ್ಲ.

ಮಾಸ್ಟರರಿಗೆ ಫೋನಿನಲ್ಲೇ ಸುದ್ದಿ ಹೇಳಿದೆ. "ಬೇಟಿ, ಅಲ್ಲಿ ಕೋಟ್ ಹಾಕ್ಕೋಬೇಕೇನು?" ಎಂದು ಕೇಳಿದರು. ಮರುದಿನವೇ ಬಜಾರಿನ ಟೇಲರಿಗೆ ಅಳತೆ ಕೊಟ್ಟು ಬಂದರಂತೆ. ಬ್ಯಾಂಡಿನ ಕೆಂಪು ಕೋಟಲ್ಲ, ಕರಿ ಕೋಟು. ಮಾನ್ವಿಯಲ್ಲಿ ಚಹಾ ಕುಡಿಯುವ ಮಂದಿಗೆಲ್ಲ ಸುದ್ದಿ ಮುಟ್ಟಿತು.

ಸಂಯೋಜಕಿಯ ಎರಡನೆಯ ಫೋನು ಬಂದದ್ದು ಆಮೇಲೆ. ಚಿತ್ರದ ಕೊನೆಯಲ್ಲಿ ಒಂದು ಉದ್ದನೆಯ ಮೆರವಣಿಗೆ ಇದೆ. ಅದರಲ್ಲಿ ಬ್ಯಾಂಡಿನವರು ಎಲ್ಲರ ಬಾಯಲ್ಲಿರುವ ಒಂದು ಸಿನಿಮಾ ಹಾಡನ್ನು ಊದುತ್ತಾರೆ. ಇಡೀ ಚಿತ್ರ ಬಂದು ನಿಲ್ಲುವುದೇ ಅಲ್ಲಿ.

"ಆ ಹಾಡಿನ ಹಕ್ಕು ನಿಮ್ಮ ಹತ್ತಿರ ಇದೆಯಾ?" ಎಂದರು.

"ಆ ಹಾಡು ಎಲ್ಲರದೂ ಅಲ್ಲವೇನ್ರಿ? ಎಲ್ಲ ಲಗ್ನದಲ್ಲೂ ಊದುತ್ತಾರೆ."

"ಲಗ್ನದಲ್ಲಿ ಎಲ್ಲರದೂ. ಚಿತ್ರದೊಳಗೆ ಬಂದರೆ ಒಂದು ಕಂಪನಿಯದು" ಎಂದು ಅವರು ನಕ್ಕರು. ನಗು ಕೆಟ್ಟದ್ದಾಗಿರಲಿಲ್ಲ. ಹಕ್ಕಿನ ಪತ್ರ ತರಬೇಕು, ಇಲ್ಲವೇ ಹಾಡು ತೆಗೆಯಬೇಕು, ಇಲ್ಲವೇ ಚಿತ್ರವನ್ನೇ ಕೈಬಿಡಬೇಕಾಗುತ್ತದೆ ಎಂದು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿದರು. ತಿಂಗಳ ಕೊನೆಯೊಳಗೆ ಅಂತಿಮ ಪ್ರತಿ ಅವರ ಕೈ ಸೇರಬೇಕು.

ಸಂಗೀತ ಕಂಪನಿಗೆ ಮೇಲ್ ಹಾಕಿದೆ, ಮತ್ತೊಂದು ಹಾಕಿದೆ. ಉತ್ತರ ಬರಲಿಲ್ಲ. ಸಂಕಲನಕಾರ ತನಗೆ ತಿಳಿದ ದಾರಿ ಹಿಡಿದ. ಯಾರು ಬೇಕಾದರೂ ಬಳಸಬಹುದಾದ ಸಿದ್ಧ ಸಂಗೀತ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಅದರಲ್ಲಿ ಒಂದು ಶಹನಾಯಿ ತುಂಡು ಹುಡುಕಿ ಮೆರವಣಿಗೆಯ ಕೆಳಗೆ ಹಾಸಿದ. ಇಬ್ಬರೂ ಕೂತು ನೋಡಿದೆವು. ಪರದೆಯ ಮೇಲೆ ಮಾಸ್ಟರರ ಕೆನ್ನೆ ಉಬ್ಬುತ್ತದೆ, ಬೆರಳು ಓಡುತ್ತವೆ, ಕೇಳುವುದು ಯಾರದೋ ಉಸಿರು.

"ಮಾಸ್ಟರ್ ಬಾಯಾಗ ಬ್ಯಾರೇರ ಹಲ್ಲು ಕೂಡ್ಸಿದಂಗ ಆತು" ಎಂದು ಅವನೇ ಸ್ಪೀಕರ್ ಆರಿಸಿದ.

ಆ ಭಾಗವನ್ನು ಕತ್ತರಿಸಿ ನೋಡಿದೆವು. ಚಿತ್ರ ಬಾಗಿಲವರೆಗೆ ಬಂದು ಒಳಗೆ ಕಾಲಿಡದೆ ತಿರುಗಿ ಹೋದಂತೆ ಕಂಡಿತು. ಉಳಿದದ್ದು ಒಂದೇ ದಾರಿ: ಬ್ಯಾಂಡಿನವರದೇ ಒಂದು ರಾಗ ಬೇಕು, ಯಾರೂ ಬಂದು ನಮ್ಮದು ಅನ್ನಲಾರದಂಥದ್ದು. ನಾನು ಮಾನ್ವಿ ಬಸ್ಸು ಹತ್ತಿದೆ.

ಮಾಸ್ಟರರ ಮನೆಯಲ್ಲಿ ಹೊಸ ಕೋಟು ಆಗಲೇ ಗೋಡೆಯ ಮೊಳೆಗೆ ತೂಗುತ್ತಿತ್ತು. ಅದನ್ನು ನೋಡಿಕೊಂಡೇ ವಿಷಯ ಹೇಳಿದೆ. ಅವರಿಗೆ ಮೊದಲು ಸಿಟ್ಟು ಬಂತು.

"ಹುಟ್ಟಿದಾಗಿಂದ ಮಂದಿ ಹಾಡು ಊದಿಕೋತ ಬಂದೀನಿ. ಊದು ಅಂತ ಹೇಳೋರೂ ಅವರೇ, ಈಗ ಬ್ಯಾಡ ಅನ್ನೋರೂ ಅವರೇ. ನಂದು ಅಂತ ರಾಗ ನಾ ಎಲ್ಲಿಂದ ತರ್ಲಿ?"

"ನೀವು ಊದಾಕತ್ತಿದ್ರ ಏನರ ಒಂದು ಬರ್ತದ ಮಾಸ್ಟರ್. ನೋಡೂಣು."

ಊದಿದರು. ಆ ವಾರವೆಲ್ಲ ಊದಿದರು. ನಾನು ಎಡೆ ಸಿಕ್ಕಾಗ ಹೋಗಿ ಕೂಡುತ್ತಿದ್ದೆ. ಓಣಿಯ ಕಟ್ಟೆಯ ಮೇಲೆ ಢೋಲು, ತಾಷಾ ಬಡಿಯುವವರು ಸುತ್ತ ಕೂತಿರುತ್ತಿದ್ದರು. ಮಾಸ್ಟರ್ ಕಣ್ಣು ಮುಚ್ಚಿ ಹೊಸದೊಂದು ಎತ್ತಿಕೊಳ್ಳುವರು. ಮೊದಲ ಸಾಲು ಹೊಸದೇ. ಎರಡನೆಯ ಸಾಲಿಗೆ ಬಂದಾಗ ಢೋಲಿನವನು ಮೆಲ್ಲಗೆ ಕೆಮ್ಮಿ, "ಮಾಸ್ಟರ್, ಇದು ಆ ಪಿಚ್ಚರಿಂದು" ಎನ್ನುವನು. ಮತ್ತೊಂದು ಎತ್ತಿಕೊಂಡರೆ, "ಇದು ಹೋದ ಸೀಜನ್ನಿಂದು." ಎಷ್ಟು ವರ್ಷಗಳ ಹಾಡು ಆ ಬೆರಳುಗಳಲ್ಲಿ ಕೂತಿತ್ತೋ, ಹೊಸದಕ್ಕೆ ಜಾಗವನ್ನೇ ಬಿಡುತ್ತಿರಲಿಲ್ಲ. ಒಂದು ಸಂಜೆ ಅವರು ಕ್ಲಾರಿನೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, "ನನ್ನ ಕೈಲಿ ಆಗಂಗಿಲ್ಲ ಬೇಟಿ. ಆ ಕೋಟು ಮಗನ ನಿಕಾಕ್ಕ ಆತು" ಎಂದು ಎದ್ದುಹೋದರು.

ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಒಳ ಅಂಗಳಕ್ಕೆ ಹೋದೆ. ಮಾಸ್ಟರರ ಹೆಂಡತಿ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ ಎನ್ನುತ್ತೇನೆ. ಬಾ ಎಂದು ಕಣ್ಣಿನಲ್ಲೇ ಕರೆದು, ಮಣೆ ತೋರಿಸಿ, ತಮ್ಮ ಕೆಲಸ ಮುಂದುವರಿಸಿದರು. ಬಡಿಯುತ್ತ ಬಡಿಯುತ್ತ ಮೂಗಿನಲ್ಲೇ ಏನೋ ಗುನುಗುತ್ತಿದ್ದರು. ಮಾತಿಲ್ಲ, ಬರೀ ದನಿ. ಹತ್ತಿ ಇಳಿದು ಹತ್ತಿ, ಒಂದು ಕಡೆ ಥಟ್ಟನೆ ನಿಲ್ಲುತ್ತಿತ್ತು. ಆಗ ರೊಟ್ಟಿ ಹೆಂಚಿನ ಮೇಲೆ ಮಗುಚಿ ಬೀಳುತ್ತಿತ್ತು. ಆಮೇಲೆ ರಾಗ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮತ್ತೆ ಹಿಡಿದುಕೊಳ್ಳುತ್ತಿತ್ತು.

"ಇದು ಯಾವ ಹಾಡು ಖಾಲಾ?"

"ಹಾಡು ಎಲ್ಲಿದು! ರೊಟ್ಟಿ ಮಾಡ್ತಾ ಹಂಗೇ ಬರ್ತದ."

"ಯಾರ ಹತ್ರ ಕಲ್ತದ್ದು?"

"ಯಾರೂ ಕಲಿಸಿಲ್ಲ. ಲಗ್ನಾಗಿ ಈ ಮನಿಗಿ ಬಂದಾಗಿಂದ ಅಂತೀನಿ. ನಮ್ಮ ಅತ್ತಿ ಬೈತಿದ್ರು, ಒಲಿ ಮುಂದ ಏನ್ ಗುಂಯ್‌ಗುಡ್ತೀ ಅಂತ."

ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ಹಿಡಿದುಕೊಂಡೆ. ಮಾಸ್ಟರರನ್ನು ಹೊರಗಿನಿಂದ ಕರೆತಂದು ಕೇಳಿಸಿದೆ.

"ಇದಾ? ಇದು ಆಕಿ ಮೂಗಿನಾಗಿಂದು. ಇದನ್ನ ಯಾರು ಮೆರವಣಿಗಿಗಿ ಊದ್ತಾರ?" ಎಂದರು. ಆದರೆ ಹಾಗೆ ಅನ್ನುತ್ತಲೇ ಅವರ ಬೆರಳು ಮೊಣಕಾಲಿನ ಮೇಲೆ ಆಡತೊಡಗಿದ್ದವು. ಪೆಟ್ಟಿಗೆ ತೆರೆದರು. ಮೊದಲ ಸಲ ಊದಿದಾಗ ಅದು ರಸ್ತೆಯ ಸಂಗೀತವೇ ಆಗಲಿಲ್ಲ, ಮಲಗಿಸುವ ದನಿಯಾಗಿತ್ತು. ಲಯ ಏರಿಸಿದರು. ಕೊನೆಗೆ ಒಂದು ಸುತ್ತು ಸೇರಿಸಿದರು. ಓಣಿಯಿಂದ ಢೋಲಿನವನು ಇಣುಕಿ ನೋಡಿ, ಒಳಗೆ ಬಂದು ಕೂತ. ಈ ಸಲ ಅವನು ಕೆಮ್ಮಲಿಲ್ಲ.

ಗುನುಗು ನಿಲ್ಲುವ ಜಾಗದಲ್ಲಿ ಗಂಡ ಹೆಂಡತಿಗೆ ಜಗಳವಾಯಿತು. ಅಲ್ಲಿ ಖಾಲಿ ಬಿಟ್ಟರೆ ಬ್ಯಾಂಡಿನವರು ಮರೆತರು ಅಂತ ಮಂದಿ ನಗುತ್ತಾರೆ ಎಂದು ಮಾಸ್ಟರ್ ಅದನ್ನು ತುಂಬಲು ನೋಡಿದರು. ಖಾಲಾ ಹಿಟ್ಟು ಮೆತ್ತಿದ ಕೈ ತೋರಿಸಿ, "ನಕ್ಕೋ, ಬ್ಯಾಡ! ಅಲ್ಲಿ ಬಿಡ್ರಿ. ಅಲ್ಲಿ ನಾ ರೊಟ್ಟಿ ತಿರುವಬೇಕು" ಎಂದರು. ಎಲ್ಲರೂ ನಕ್ಕೆವು. ಆ ಖಾಲಿ ಹಾಗೆಯೇ ಉಳಿಯಿತು.

ರಾಗ ಸಿಕ್ಕಿತು, ಕೆಲಸ ಮುಗಿಯಿತು ಅಂದುಕೊಂಡೆ. ಬ್ಯಾಂಡಿನವರನ್ನೆಲ್ಲ ರಾಯಚೂರಿಗೆ ಕರೆಸಿ, ಸ್ಟುಡಿಯೊದ ಒಳಕೋಣೆಯ ಗೋಡೆಗೆ ಗಾದಿ, ಕೌದಿ ಕಟ್ಟಿ, ಹಳೆಯ ದೃಶ್ಯವನ್ನು ಟಿವಿಯಲ್ಲಿ ಓಡಿಸಿ, ಅದಕ್ಕೆ ಸರಿಯಾಗಿ ಹೊಸ ರಾಗ ಊದಿಸಿದೆ. ಎರಡು ತೊಡಕು ಬಂದವು. ಮುಚ್ಚಿದ ಕೋಣೆಯಲ್ಲಿ ಢೋಲಿನ ದನಿ ಡಬ್ಬಿ ಬಡಿದಂತೆ ಕೇಳಿತು. ಬೀದಿಯ ಗೋಡೆಗಳಿಗೆ ಬಡಿದು ಹಿಂದಕ್ಕೆ ಬರುವ ಆ ಗುಂಯ್‌ಗಾಟ ಅದರಲ್ಲಿ ಇರಲಿಲ್ಲ. ಅದನ್ನಾದರೂ ಕಂಪ್ಯೂಟರಿನಲ್ಲಿ ಅಷ್ಟಿಷ್ಟು ಹುಟ್ಟಿಸಬಹುದಿತ್ತು. ಬೆರಳುಗಳನ್ನು ಏನು ಮಾಡುವುದು? ಪರದೆಯ ಮೇಲೆ ಮಾಸ್ಟರರ ಬೆರಳು ಹಳೆಯ ಹಾಡು ಊದುತ್ತಿದ್ದವು, ಕಿವಿಗೆ ಬೇರೆ ರಾಗ. ದೂರದ ಶಾಟುಗಳಲ್ಲಿ ನಡೆದೀತು. ಆದರೆ ನಾನು ಇಡೀ ಚಿತ್ರ ಕಟ್ಟಿದ್ದೇ ಹತ್ತಿರದ ಶಾಟುಗಳ ಮೇಲೆ.

ಸಂಕಲನಕಾರ ಕ್ಲೋಸಪ್ಪುಗಳನ್ನೆಲ್ಲ ಕಿತ್ತುಹಾಕಿ, ಕಾಲು, ಧೂಳು, ಮದುಮಗನ ಪೇಟ ಇವನ್ನೇ ಜೋಡಿಸಿ ತೋರಿಸಿದ. ನೋಡಲು ಚೊಕ್ಕವಾಗಿತ್ತು. ಆದರೆ ಅಂಚಿನಿಂದ ನಡುವಿಗೆ ತಂದವರನ್ನು ನಾನೇ ಮತ್ತೆ ಅಂಚಿಗೆ ದಬ್ಬಿದಂತಾಗಿತ್ತು. ಮೂರು ಸಲ ನೋಡಿ ಹೇಳಿದೆ: "ಇದು ಬ್ಯಾಡ. ಮತ್ತೊಂದು ಮೆರವಣಿಗಿ ತಗಿಯೂಣು. ಖರೇ ಲಗ್ನದಾಗ, ಖರೇ ಬೀದ್ಯಾಗ, ಇದೇ ರಾಗ ಊದಸೂಣು."

"ಖರೇ ಲಗ್ನದಾಗ ಎರಡನೇ ಟೇಕ್ ಇರಂಗಿಲ್ಲ" ಎಂದ ಅವನು. "ಮಂದಿ ಈ ರಾಗ ಬ್ಯಾಡ ಅಂದ್ರು ಅಂದ್ರ? ಕೈಯಾಗಿಂದೂ ಹೋಗ್ತದ."

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೂ ಸಂಯೋಜಕಿಗೆ ಫೋನು ಮಾಡಿ, ಕೊನೆಯ ದೃಶ್ಯ ಹೊಸದಾಗಿ ಬರುತ್ತದೆ ಎಂದು ಹೇಳಿಬಿಟ್ಟೆ. ಆಯ್ಕೆ ಮಾಡಿದವರು ನೋಡಿದ್ದು ಬೇರೆ ಕೊನೆ, ಹೊಸದನ್ನು ನೋಡಿಯೇ ಒಪ್ಪಿಗೆ ಹೇಳಬೇಕಾಗುತ್ತದೆ ಎಂದರು.

ಮಾಸ್ಟರರಿಗೆ ಆ ವಾರ ಗಬ್ಬೂರಿನಲ್ಲಿ ಒಂದು ಲಗ್ನವಿತ್ತು. ಬ್ಯಾಂಡು ಹೇಳಿದವರು ಮದುಮಗನ ಸೋದರಮಾವ. ಎತ್ತರದ ಆಳು, ಹಣೆಗೆ ವಿಭೂತಿ, ದನಿ ಊರಗಲ. ನಾನು ಮತ್ತು ಮಾಸ್ಟರ್ ಮುಂಚಿತವಾಗಿ ಹೋಗಿ ಅವರ ಕಟ್ಟೆಯ ಮೇಲೆ ಕೂತು ಎಲ್ಲ ಬಿಡಿಸಿ ಹೇಳಿದೆವು.

"ನೀವು ಹೇಳೂದು ಖರೇ ಅದ್ರೀ ಯವ್ವಾ. ಆದ್ರ ನಮ್ಮ ಹುಡುಗ್ರು ಕುಣಿಯಾಕ ಬಂದಿರ್ತಾರ. ಗೊತ್ತಿಲ್ಲದ ಹಾಡಿಗಿ ಕುಣಿಲಿಲ್ಲಂದ್ರ ನನ್ನ ಮ್ಯಾಲ ಬರ್ತಾರ."

"ಬಸ್‌ಸ್ಟ್ಯಾಂಡಿನಿಂದ ಹನುಮಪ್ಪನ ಗುಡಿತನಕ ಅಷ್ಟೇ ಯಪ್ಪಾ," ಎಂದರು ಮಾಸ್ಟರ್. "ಮಂದಿ ಮಾರಿ ಸಣ್ಣದಾತಂದ್ರ ನಾನೇ ನಿಲ್ಲಿಸ್ತೀನಿ. ಅಲ್ಲಿಂದ ಮುಂದ ನೀವು ಹೇಳಿದ್ದು ಊದ್ತೀನಿ."

ಸೋದರಮಾವ ಒಂದು ಗಳಿಗೆ ಮಾಸ್ಟರರ ಮುಖವನ್ನೇ ನೋಡಿದರು. "ನನ್ನ ಲಗ್ನದಾಗೂ ನೀವೇ ಊದೀರಿ. ಹೂಂ, ಆತು" ಎಂದರು.

ಲಗ್ನದ ದಿನ ಬೆಳಿಗ್ಗೆ ನಾನು ಸಂಕಲನಕಾರನನ್ನೂ ಕರೆದುಕೊಂಡು ಗಬ್ಬೂರಿನಲ್ಲಿ ಬಸ್ಸಿನಿಂದ ಇಳಿದೆ. ಮಾಸ್ಟರರ ಕಾಲರಿನ ಒಳಗೆ ಚಿಕ್ಕ ಮೈಕು ಸಿಕ್ಕಿಸಿ, ಗಾಳಿ ತಾಗದಂತೆ ಮೇಲೆ ತುಪ್ಪಳದ ಟೊಪ್ಪಿಗೆ ಹಾಕಿದೆವು. ಇನ್ನೊಂದು ರೆಕಾರ್ಡರನ್ನು ತಾಷಾದವನ ಸೊಂಟಕ್ಕೆ ಕಟ್ಟಿದೆವು. ಮೂರನೆಯದು ಸಂಕಲನಕಾರನ ಕೈಯಲ್ಲಿ, ಬೀದಿಯ ದನಿಗೆ. ಎಲ್ಲವನ್ನೂ ಶುರು ಮಾಡಿ ನಾನು ಕ್ಯಾಮೆರಾ ಮುಂದೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರೆ, ಆಮೇಲೆ ಆ ಚಪ್ಪಾಳೆಗೆ ದೃಶ್ಯ, ದನಿ ಎರಡನ್ನೂ ಕೂಡಿಸಬಹುದು.

ಇಷ್ಟೆಲ್ಲ ಆಗಿ ಇನ್ನೇನು ಹೊರಡಬೇಕು, ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಒಂದು ಟೆಂಪೊ ಬಂದು ನಿಂತಿತು. ಆಳೆತ್ತರದ ಸ್ಪೀಕರುಗಳು. ಮದುಮಗನ ಗೆಳೆಯರು ಯಾರಿಗೂ ಹೇಳದೆ ಡಿಜೆ ತರಿಸಿದ್ದರು! ಅದು ಬಾಯಿ ತೆರೆದರೆ ಕ್ಲಾರಿನೆಟ್ಟು ಕೇಳುವುದು ಹಾಗಿರಲಿ, ನಾನು ಯಾವ ಕಷ್ಟದಿಂದ ತಪ್ಪಿಸಿಕೊಳ್ಳಲು ಇಲ್ಲಿಗೆ ಬಂದಿದ್ದೆನೋ ಅದೇ ಸಿನಿಮಾ ಹಾಡುಗಳು ನನ್ನ ಎಲ್ಲ ಮೈಕುಗಳಲ್ಲೂ ತುಂಬಿಕೊಳ್ಳುತ್ತಿದ್ದವು. ಸೋದರಮಾವ ಹುಡುಗರ ಮೇಲೆ ಕೂಗತೊಡಗಿದರು. ಹುಡುಗರೂ ದನಿ ಏರಿಸಿದರು. ಮಾಸ್ಟರ್ ಸುಮ್ಮನೆ ಕ್ಲಾರಿನೆಟ್ ಕೆಳಗಿಳಿಸಿ ನಿಂತುಬಿಟ್ಟರು. ಅವರ ಆ ನಿಲುವು ನನಗೆ ಹೊಸದಲ್ಲ. ಈಚಿನ ವರ್ಷಗಳಲ್ಲಿ ಎಷ್ಟೋ ಲಗ್ನಗಳಲ್ಲಿ ಆ ಟೆಂಪೊ ಬಂದ ಗಳಿಗೆಯಲ್ಲಿ ಅವರು ಹೀಗೆ ನಿಂತದ್ದನ್ನು ನೋಡಿದ್ದೇನೆ.

ನಾನು ಸೀದಾ ಡಿಜೆಯವನ ಹತ್ತಿರ ಹೋದೆ. ದೇವದುರ್ಗದವನು. ಲಗ್ನಗಳಲ್ಲಿ ಎದುರುಬದುರಾಗುವ ಮುಖ, ಒಟ್ಟಿಗೆ ಪಂಕ್ತಿಯಲ್ಲಿ ಕೂತು ಉಂಡದ್ದೂ ಉಂಟು.

"ಅಣ್ಣಾ, ಹನುಮಪ್ಪನ ಗುಡಿತನಕ ನಿನ್ನ ಗಾಡಿ ಬಾಯಿ ಮುಚ್ಚಿರಬೇಕು. ಅಲ್ಲಿಂದ ಮುಂದ ನಿಂದೇ ರಾಜ್ಯ."

"ಯಾಕ್ರೀ ಮೇಡಂ, ಏನ್ ವಿಷ್ಯ?"

ಹೇಳಿದೆ. ಮಾಸ್ಟರರ ಚಿತ್ರ, ದೂರದ ಊರು, ದೊಡ್ಡ ಪರದೆ. ಅವನು ತಲೆ ಕೆರೆದುಕೊಂಡ. "ನಮ್ಮ ಗಾಡಿದೂ ಒಂದು ವಿಡಿಯೊ ತಗದು ಕೊಡ್ರಿ ಮತ್ತ. ಲೈಟು ಗೀಟು ಎಲ್ಲಾ ಬರಬೇಕು" ಎಂದ. ಕೈ ಮೇಲೆ ಕೈ ಹಾಕಿ ಮಾತು ಕೊಟ್ಟೆ. ಅವನೇ ಇಳಿದು ಹೋಗಿ, ಜನರೇಟರಿನಲ್ಲಿ ಏನೋ ತೊಡಕು ಬಂದಿದೆ, ಗುಡಿಯ ಹತ್ತಿರ ಹೋಗುವಷ್ಟರಲ್ಲಿ ಸರಿಯಾಗುತ್ತದೆ ಎಂದು ಹುಡುಗರಿಗೆ ಹೇಳಿ ಬಂದ.

ಚಪ್ಪಾಳೆ ತಟ್ಟಿದೆ. ಮಾಸ್ಟರ್ ಕ್ಲಾರಿನೆಟ್ ಎತ್ತಿದರು.

ಮೊದಲ ಸುತ್ತಿನಲ್ಲಿ ಯಾರೂ ಕುಣಿಯಲಿಲ್ಲ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಜೋರಾಗಿಯೇ, "ಇದು ಯಾವ ಪಿಚ್ಚರಿಂದು ಬೇ?" ಎಂದ. ಯಾರಿಗೂ ಗೊತ್ತಿರಲಿಲ್ಲ. ಮೆರವಣಿಗೆ ಸುಮ್ಮನೆ ನಡೆಯುತ್ತಿತ್ತು. ನಾನು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಮಾಸ್ಟರರ ಬೆರಳಿನ ಮೇಲೆ ಫೋಕಸ್ ಹಿಡಿದಿದ್ದೆ. ಅವರು ಹುಡುಗರ ಕಡೆ ನೋಡಲೂ ಇಲ್ಲ. ರಾಗ ಹತ್ತಿ, ಇಳಿದು, ಹತ್ತಿ, ಆ ಖಾಲಿಯ ಜಾಗಕ್ಕೆ ಬಂದು ಥಟ್ಟನೆ ನಿಂತಿತು. ಒಂದು ಗಳಿಗೆ ಇಡೀ ಬೀದಿ ನಿಶ್ಶಬ್ದ. ಮತ್ತೆ ಹಿಡಿದುಕೊಂಡಿತು.

ಎರಡನೆಯ ಸುತ್ತಿನಲ್ಲಿ ಆ ಖಾಲಿ ಬಂದಾಗ ಯಾರೋ ಒಬ್ಬ ಸಿಳ್ಳೆ ಹೊಡೆದ. ಮೂರನೆಯ ಸುತ್ತಿನಲ್ಲಿ ಅಲ್ಲಿಗೆ ಸರಿಯಾಗಿ ಹತ್ತಾರು ಮಂದಿ "ಹೋಯ್!" ಎಂದರು. ಆಮೇಲೆ ಅದು ಆಟವಾಯಿತು. ಖಾಲಿ ಯಾವಾಗ ಬರುತ್ತದೆ ಎಂದು ಕಾಯುತ್ತ ಹುಡುಗರು ಬಗ್ಗುವುದು, ಬಂದ ಕೂಡಲೇ ನೆಗೆದು "ಹೋಯ್" ಅನ್ನುವುದು. ಕಳಸ ಹಿಡಿದ ಹೆಣ್ಣುಮಕ್ಕಳೂ ಸೇರಿಕೊಂಡರು. ಸೋದರಮಾವ ಶಲ್ಯ ಸೊಂಟಕ್ಕೆ ಬಿಗಿದು ನಡುವೆ ಇಳಿದರು. ಮಾಸ್ಟರ್ ಆ ಖಾಲಿಯಲ್ಲಿ ಕ್ಲಾರಿನೆಟ್ಟನ್ನು ತುಟಿಯಿಂದ ತೆಗೆದು, ಊರಿಗೆ ಊರೇ ಅದನ್ನು ತುಂಬುವುದನ್ನು ನೋಡಿ, ನಕ್ಕು, ಮತ್ತೆ ತುಟಿಗಿಟ್ಟುಕೊಂಡರು. ಆ ನಗು ನನ್ನ ಫ್ರೇಮಿನ ನಟ್ಟನಡುವೆ ಇದೆ. ನನ್ನ ಕಣ್ಣು ಮಂಜಾಗಿತ್ತು, ಫೋಕಸ್ ಮಾತ್ರ ತಪ್ಪಲಿಲ್ಲ.

ಗುಡಿ ಬಂತು. ಮಾತಿನಂತೆ ಮಾಸ್ಟರ್ ನಿಲ್ಲಿಸಿದರು. ಡಿಜೆಯವನು ಸ್ವಿಚ್ಚಿಗೆ ಕೈ ಹಾಕಿದ. "ತಡಿಯೋ ಮಾರಾಯಾ! ಇನ್ನೊಮ್ಮಿ ಊದ್ರಿ ಮಾಸ್ಟರ್!" ಎಂದು ಕೂಗಿದವರು ಡಿಜೆ ತರಿಸಿದ ಹುಡುಗರೇ.

ಆಮೇಲಿನದೆಲ್ಲ ಮೇಜಿನ ಮುಂದಿನ ಕೆಲಸ. ಹೊಸ ದೃಶ್ಯ ಹಳೆಯದಕ್ಕಿಂತ ಉದ್ದವಾಯಿತು. ಹಾಗಾಗಿ ಅದರ ಹಿಂದಿನ ಎರಡು ದೃಶ್ಯಗಳನ್ನು ಕುಗ್ಗಿಸಬೇಕಾಯಿತು. ಇಂಗ್ಲಿಷ್ ಅಡಿಬರಹಗಳ ಜಾಗವೆಲ್ಲ ಸರಿದು, ಒಂದೊಂದನ್ನೂ ಮತ್ತೆ ಕೂಡಿಸಿದೆವು. ಮೊದಲು ಒಂದು ಸಾಫ್ಟ್‌ವೇರಿಗೆ ಅನುವಾದ ಕೊಟ್ಟಿದ್ದೆ. ಮಾಸ್ಟರ್ ಮನೆಯಿಂದ ಹೊರಡುವಾಗ "ಬರ್ತೀನಿ" ಅಂದದ್ದನ್ನು ಅದು ಯಾರೋ ಮನೆಗೆ ಬರುತ್ತಿದ್ದಾರೆ ಎಂದು ಮಾಡಿತ್ತು. ಅದೆಲ್ಲ ಅಳಿಸಿ ನಾವೇ ಕೂತು ಬರೆದೆವು. ಥಿಯೇಟರಿನ ಪ್ರೊಜೆಕ್ಟರಿಗೆ ಬೇಕಾದ ಪ್ರತಿಯನ್ನು ಬೇರೆ ರೀತಿಯಲ್ಲಿ ಕಟ್ಟಬೇಕು. ಮೊದಲ ಸಲ ಕಟ್ಟಿ ಓಡಿಸಿದಾಗ ಕ್ಲಾರಿನೆಟ್ಟಿಗೆ ಜ್ವರ ಬಂದಂತಿತ್ತು, ದನಿ ಇಳಿದಿತ್ತು. ನಮ್ಮ ಲಗ್ನದ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತೈದು ಚೌಕಟ್ಟು ತೆಗೆಯುತ್ತದೆ, ನಾವು ಪ್ರತಿ ಕಟ್ಟಿದ್ದು ಇಪ್ಪತ್ತನಾಲ್ಕಕ್ಕೆ. ಚಿತ್ರ ಕೂದಲೆಳೆಯಷ್ಟು ನಿಧಾನವಾಗಿ, ಅದರ ಜೊತೆ ದನಿಯೂ ಕೆಳಗಿಳಿದಿತ್ತು. ಸಂಯೋಜಕಿಯನ್ನು ಕೇಳಿದರೆ, ಇಪ್ಪತ್ತೈದರಲ್ಲೇ ಕಳಿಸಿ, ನಮ್ಮ ಯಂತ್ರ ಓಡಿಸುತ್ತದೆ ಎಂದರು. ಮತ್ತೆ ಕಟ್ಟಿದೆವು. ಜ್ವರ ಬಿಟ್ಟಿತು.

ಹೊಸ ಕೊನೆಯನ್ನು ನೋಡಿ ಸಂಯೋಜಕಿ ಫೋನು ಮಾಡಿದರು. "ಇದು ಮೊದಲಿನದಕ್ಕಿಂತ ಎಷ್ಟೋ ಚೆನ್ನಾಗಿದೆ. ಸಂಗೀತ ಯಾರದು? ಹೆಸರು ಬೇಕು."

ಅದನ್ನು ಕೇಳಲು ಮಾನ್ವಿಗೆ ಹೋದೆ. ಅಷ್ಟರಲ್ಲಿ ಮಾಸ್ಟರ್ ಊರಲ್ಲೆಲ್ಲ ನನ್ನ ಹೊಸ ರಾಗ, ನನ್ನ ಹೊಸ ರಾಗ ಎಂದು ಹೇಳಿಕೊಂಡು ಬಂದಿದ್ದರು. "ಸಂಗೀತ ಅಂತ ಯಾರ ಹೆಸರು ಹಾಕ್ಲಿ ಮಾಸ್ಟರ್?" ಎಂದೆ. ಒಳ ಅಂಗಳದಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಮಾಸ್ಟರ್ ಅದನ್ನೇ ಕೇಳುತ್ತ ಕೂತರು.

"ಆಕಿದು ಹಾಕು ಬೇಟಿ," ಎಂದರು ಕೊನೆಗೆ. "ಊದಿದ್ದು ನಾನು. ಅದನ್ನ ಬ್ಯಾರೆ ಕಡಿ ಬರಿ."

ಖಾಲಾ ಸುತಾರಾಂ ಒಪ್ಪಲಿಲ್ಲ. ರೊಟ್ಟಿ ಮಾಡುವಾಗಿನ ಗುನುಗಿಗೆ ಯಾರಾದರೂ ಹೆಸರು ಬರೆಯುತ್ತಾರೆಯೇ, ಮಂದಿ ಏನಂದಾರು ಎಂದರು. ನಾನು ವಾದ ಮಾಡಲಿಲ್ಲ. ಲ್ಯಾಪ್‌ಟಾಪ್ ತೆರೆದು ಗಬ್ಬೂರಿನ ದೃಶ್ಯ ತೋರಿಸಿದೆ. ಅವರು ಅದನ್ನು ನೋಡಿರಲಿಲ್ಲ. ಊರಿಗೆ ಊರೇ ಆ ಖಾಲಿಯಲ್ಲಿ "ಹೋಯ್" ಎಂದಾಗ ಖಾಲಾ ಬಾಯಿಗೆ ಸೆರಗು ಹಿಡಿದು ನಕ್ಕರು. ಮತ್ತೊಮ್ಮೆ ಹಾಕು ಎಂದರು. ಮೂರು ಸಲ ನೋಡಿದ ಮೇಲೆ, "ಅಲ್ಲಿಗಿ ಹೋಗಾಕ ಎಷ್ಟೊತ್ತು ರೈಲು?" ಎಂದು ಕೇಳಿದರು.

ಉತ್ಸವದ ದಿನಕ್ಕೇ ಅರಕೇರಾದಲ್ಲಿ ಬ್ಯಾಂಡಿಗೆ ಒಂದು ಲಗ್ನ ಒಪ್ಪಿಕೊಂಡಾಗಿತ್ತು. ಕೊಟ್ಟ ಮಾತು ತಪ್ಪಿಸಿದವರಲ್ಲ ಮಾಸ್ಟರ್. ಢೋಲಿನವನು, "ಮಾಸ್ಟರ್, ಇಲ್ಲಿ ನಾವದೀವಿ. ನೀವು ಹೋಗ್ರಿ" ಎಂದು ಇನ್ನೊಂದು ಕಂಪನಿಯಿಂದ ಊದುವವನನ್ನು ಕರೆದು, ಹೊಸ ರಾಗವನ್ನೂ ಅವನಿಗೆ ಕಲಿಸಿದ. ಅರಕೇರಾದವರೇ ಅದನ್ನು ಕೇಳಿ ಹೇಳಿಕಳಿಸಿದ್ದರಂತೆ: ಗಬ್ಬೂರಾಗ ಊದಿದ್ದು ನಮಗೂ ಬೇಕು.

ರಾಯಚೂರು ಸ್ಟೇಷನ್ನಿನಲ್ಲಿ ಮಾಸ್ಟರ್ ಕರಿ ಕೋಟು ಹಾಕಿಕೊಂಡೇ ರೈಲು ಹತ್ತಿದರು. ಬಿಸಿಲಿಗೆ ಬೆವರಿದರೂ ತೆಗೆಯಲಿಲ್ಲ. ಜೊತೆಗೆ ಹೊರಟ ಖಾಲಾ ಬುತ್ತಿಗೆ ಕಟಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಪುಡಿ ಕಟ್ಟಿದ್ದರು. ಸಂಕಲನಕಾರ ಮುನ್ನೆಚ್ಚರಿಕೆಗೆ ಮಾಡಿಕೊಂಡ ಇನ್ನೊಂದು ಪ್ರತಿ ಇದ್ದ ಹಾರ್ಡ್‌ಡಿಸ್ಕನ್ನು ಮಡಿಲಲ್ಲಿ ಇಟ್ಟುಕೊಂಡು ದಾರಿಯುದ್ದಕ್ಕೂ ಕಿಟಕಿಯ ಹತ್ತಿರ ಬರಲಿಲ್ಲ.

ಪ್ರದರ್ಶನದ ದಿನ ಬೆಳಿಗ್ಗೆ ಪ್ರತಿಯ ತಪಾಸಣೆ ಇರುತ್ತದೆ. ದೊಡ್ಡ ಖಾಲಿ ಸಭಾಂಗಣ, ಸಾಲು ಸಾಲು ಕೆಂಪು ಕುರ್ಚಿ. ಪ್ರತಿಯೊಬ್ಬರಿಗೂ ಕೆಲವೇ ನಿಮಿಷ. ಪ್ರೊಜೆಕ್ಟರಿನವರು ಮೇಲಿನ ಕಿಂಡಿಯಿಂದ, ಯಾವ ಭಾಗ ತೋರಿಸಲಿ ಎಂದು ಕೇಳಿದರು. ಕೊನೆಯದು ಎಂದೆ. ದೀಪ ಆರಿತು. ಗಬ್ಬೂರಿನ ಬಸ್‌ಸ್ಟ್ಯಾಂಡು ನಮ್ಮ ಮನೆಗಿಂತ ದೊಡ್ಡದಾಗಿ ಎದ್ದು ನಿಂತಿತು. ಮಾಸ್ಟರರ ಕೆನ್ನೆ ಪರದೆ ತುಂಬ ಉಬ್ಬಿತು. ಢೋಲು ಎದೆಗೇ ಬಂದು ಬಡಿಯಿತು. ಸಂಕಲನಕಾರ ಒಂದೊಂದು ಮೂಲೆಯ ಕುರ್ಚಿಯಲ್ಲೂ ಕೂತು ಎದ್ದು, ಎಲ್ಲ ಕಡೆ ದನಿ ಸರಿ ಇದೆಯೇ ಎಂದು ಕೇಳಿಕೊಂಡು ಬಂದು, ನನಗೆ ಹೆಬ್ಬೆರಳು ತೋರಿಸಿದ. ಮಾಸ್ಟರ್ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮೊಣಕಾಲಿನ ಮೇಲಿಟ್ಟು ಕೂತಿದ್ದರು. ಆ ಕ್ಷಣದಲ್ಲಿ ನನಗಾದ 'ನಾವು ಮಾಡಿದೆವು' ಅನ್ನುವ ಹೆಮ್ಮೆಯನ್ನು ಸಣ್ಣದು ಮಾಡಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ಪರದೆಯ ಮೇಲೆ ಹೆಸರುಗಳು ಬಂದವು. ಸಂಗೀತ ಎಂದು ಖಾಲಾರ ಹೆಸರು ಬಂದಾಗ ಮಾಸ್ಟರ್ ಅದನ್ನು ಓದಿ ಹೇಳಿದರು.

ದೀಪ ಹತ್ತಿತು. ಸಂಜೆ ವೇದಿಕೆಯ ಮೇಲೆ ಎಲ್ಲರ ಹೆಸರು ಕೂಗುವ ಹುಡುಗಿಯೊಬ್ಬಳು ಮೈಕು ಹಿಡಿದು ಬಂದು, ಹೆಸರುಗಳನ್ನು ಹೇಗೆ ಅನ್ನಬೇಕು ಎಂದು ನನ್ನನ್ನು ಹಿಂದಿಯಲ್ಲಿ ಕೇಳಿದಳು. ನನ್ನದು ಹೇಳಿದೆ, ಸಂಕಲನಕಾರನದು ಹೇಳಿದೆ, ಮಾಸ್ಟರರದು ಹೇಳಿದೆ. ಸಂಗೀತದವರ ಹೆಸರಿಗೆ ಬರುವಷ್ಟರಲ್ಲಿ ಖಾಲಾ ತಾವೇ ಕುರ್ಚಿಯಿಂದ ಎದ್ದು, ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, ತಮ್ಮ ಹೆಸರು ಹೇಳಿದರು. ಆಮೇಲೆ ತಮ್ಮ ತಂದೆಯ ಹೆಸರು. ಆಮೇಲೆ, "ಮಾನ್ವಿ, ಜಿಲ್ಲಾ ರಾಯಚೂರು."

ಹುಡುಗಿ ಎಲ್ಲವನ್ನೂ ತಿರುಗಿ ಒಪ್ಪಿಸಿ, ಊರಿನ ಹೆಸರಿಗೆ "ಮನ್ವಿ" ಎಂದಳು.

"ನಕ್ಕೋ. ಮಾನ್ವಿ" ಎಂದರು ಖಾಲಾ.

ಹುಡುಗಿ ಮತ್ತೊಮ್ಮೆ ಅಂದಳು. ಇನ್ನೂ ಸರಿಯಾಗಲಿಲ್ಲ. ಖಾಲಾ ಅವಳ ಕೈಯಲ್ಲಿದ್ದ ಮೈಕನ್ನು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡು, ಆ ಖಾಲಿ ಸಭಾಂಗಣದ ಮೂಲೆ ಮೂಲೆಗೆ ಕೇಳುವಂತೆ ನಿಧಾನವಾಗಿ ಹೇಳಿದರು: "ಮಾ...ನ್ವಿ." ಮೇಲಿನ ಕಿಂಡಿಯಿಂದ ಪ್ರೊಜೆಕ್ಟರಿನವರೂ ಇಣುಕಿ ನೋಡಿದರು. ಈ ಸಲ ಹುಡುಗಿಯ ಬಾಯಲ್ಲಿ ಸರಿಯಾಗಿ ಬಂತು.

"ಹೌ. ಸಂಜಿಕೂ ಐಸಾಚ್ ಬೋಲೋ," ಸಂಜೆಗೂ ಹೀಗೇ ಅನ್ನು, ಎಂದು ಖಾಲಾ ಕೂತರು.